ಸ್ಕ್ರೂ ಬಿಟ್ಟು ಉಳಿದದ್ದೆಲ್ಲ ನಿಜ

"ನೋಡ್ತಾ ಇರಿ, ಬರೋ ವರ್ಷ ಈ ಹೊತ್ತಿಗೆ ನನ್ನ ಮಾತು ಕೇಳೋಕೆ ಜನ ಕುರ್ಚಿಗೆ ಜಗಳ ಆಡ್ತಾರೆ" ಎಂದು ನಾನು ನಮ್ಮ ಮನೆಯವರ ಮುಂದೆ ಘೋಷಿಸಿದೆ. ಕನ್ನಡಕದ ಅಂಗಡಿ ಇಟ್ಟಿರುವ ಅವರು ಊಟದ ಮೇಜಿನ ಮೇಲೆ ಯಾರೋ ಗಿರಾಕಿಯ ಕನ್ನಡಕವನ್ನು ಬಿಚ್ಚಿಟ್ಟುಕೊಂಡು ಕೂತಿದ್ದರು. ತಲೆ ಎತ್ತದೆ "ಹೂಂ" ಎಂದರು. ನಮ್ಮ ಮನೆಯವರ ಹೂಂ ಎಂದರೆ ಒಪ್ಪಿಗೆಯೂ ಅಲ್ಲ, ವಿರೋಧವೂ ಅಲ್ಲ. ಗಾಳಿ ಬೀಸಿದಾಗ ಬಾಗಿಲು ಕಿರ್ ಎನ್ನುತ್ತದಲ್ಲ, ಅಷ್ಟೇ.

ಇಂಥ ಘೋಷಣೆಗೆ ಕಾರಣವಿತ್ತು. ನಾನು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಅಲ್ಲಿ ನನ್ನ ಅಧಿಕೃತ ಭಾಷಣ ಒಂದೇ ಅಕ್ಷರದ್ದು: "ಶ್". ಹುಡುಗರು ನನಗೆ ಶ್ ಮೇಡಂ ಎಂದೇ ಹೆಸರಿಟ್ಟಿದ್ದಾರೆ. ಕಾಲೇಜಿನ ಸಮಾರಂಭವೊಂದರಲ್ಲಿ ಪ್ರಾಂಶುಪಾಲರು, ಅದೇನು ತಿಳಿದುಕೊಂಡರೋ, ವಂದನಾರ್ಪಣೆಯನ್ನು ನನ್ನ ತಲೆಗೆ ಕಟ್ಟಿದರು. ಮೈಕಿನ ಮುಂದೆ ನಿಂತೆ. ಸಭಾಂಗಣದ ತುಂಬ ಗುಸುಗುಸು. ಬಾಯಿ ತೆರೆದೆ. ಅಭ್ಯಾಸಬಲ! ಮೈಕಿನಲ್ಲಿ "ಶ್" ಎಂದು ಬಂತು. ಇಡೀ ಸಭಾಂಗಣ ಉಸಿರು ಬಿಗಿಹಿಡಿದು ನಿಶ್ಶಬ್ದವಾಯಿತು. ಇಷ್ಟು ಒಳ್ಳೆಯ ನಿಶ್ಶಬ್ದ ಯಾವ ಮಹಾನ್ ವಾಗ್ಮಿಗೂ ಸಿಕ್ಕಿರಲಾರದು. ಆದರೆ ಆ ನಿಶ್ಶಬ್ದದೊಳಗೆ ಇಡಲು ನನ್ನ ಬಳಿ ಒಂದು ಪದವೂ ಇರಲಿಲ್ಲ. ಕೈಮುಗಿದು ಇಳಿದು ಬಂದೆ.

ಹಾಗಾಗಿ ನಾನು ಮಾತಿನ ಕೂಟ ಸೇರಿದೆ. ಅದು ನಮ್ಮೂರಿನ ಹಲ್ಲಿನ ಡಾಕ್ಟರಮ್ಮ ತಮ್ಮ ಕ್ಲಿನಿಕ್ಕಿನ ಮಹಡಿಯ ಮೇಲೆ ನಡೆಸುವ ಸಂಘ. ಕೆಳಗೆ ಬಾಯಿ ತೆರೆಸುವವರೂ ಮೇಲೆ ಬಾಯಿ ಬಿಡಿಸುವವರೂ ಒಬ್ಬರೇ. ಪ್ರತಿ ಬುಧವಾರ ಸಂಜೆ ಸಭೆ. ಬಂದವರೆಲ್ಲ ಸರದಿಯ ಮೇಲೆ ಮಾತಾಡಬೇಕು. ಒಬ್ಬರು ಗಡಿಯಾರ ಹಿಡಿದು ಕೂತಿರುತ್ತಾರೆ. ಹೊತ್ತು ಸಾಕಾದಾಗ ಹಸಿರು ಕಾರ್ಡು, ಮೀರಿದಾಗ ಕೆಂಪು ಕಾರ್ಡು. ಇನ್ನೊಬ್ಬರ ಕೈಯಲ್ಲಿ ಗಂಟೆ; "ಅಂದರೆ", "ಅದೇನಪ್ಪಾ ಅಂದ್ರೆ", "ಆಂ" ಎಂದಾಗಲೆಲ್ಲ ಟಣ್ ಎನ್ನಿಸುತ್ತಾರೆ. ಮತ್ತೊಬ್ಬ ವಿಮರ್ಶಕರು. ಅವರು ಮೊದಲು ಹೊಗಳಬೇಕು, ನಡುವೆ ಒಂದು ತಪ್ಪು ಹೇಳಬೇಕು, ಕೊನೆಗೆ ಮತ್ತೆ ಹೊಗಳಬೇಕು. ಮಾತಾಡಿದವರು ಏನೇ ಹೇಳಲಿ, ಎಲ್ಲರೂ ಚಪ್ಪಾಳೆ ತಟ್ಟಲೇಬೇಕು. ಇಷ್ಟು ಸುಸಂಸ್ಕೃತ ಜಾಗವನ್ನು ನಾನು ಮೊದಲು ನೋಡಿರಲಿಲ್ಲ.

ಹೊಸಬರ ಮೊದಲ ಭಾಷಣದ ವಿಷಯ "ನಾನು ಯಾರು". ನನಗಿಂತ ಮುಂಚೆ ಎದ್ದವರು ಟೈಲರ್ ಮಾಮ. ಚಿಕ್ಕಂದಿನಲ್ಲಿ ತಂದೆ ಬಿಟ್ಟು ಹೋದದ್ದು, ಬೀದಿದೀಪದ ಕೆಳಗೆ ಗುಂಡಿ ಹೊಲಿದದ್ದು, ಕೈಗೆ ಸೂಜಿ ಚುಚ್ಚಿಕೊಂಡು ಗಿರಾಕಿಯ ಬಿಳಿ ಶರ್ಟಿನ ಮೇಲೆ ರಕ್ತ ಬಿದ್ದದ್ದು. ಡಾಕ್ಟರಮ್ಮ ಕಣ್ಣೊರೆಸಿಕೊಂಡರು. ಗಂಟೆ ಹಿಡಿದಿದ್ದ ಡ್ರೈವಿಂಗ್ ಸ್ಕೂಲಿನ ಅಕ್ಕ ಗಂಟೆ ಬಾರಿಸುವುದನ್ನೇ ಮರೆತು ಮೂಗು ಒರೆಸಿಕೊಂಡರು.

ಆಮೇಲೆ ನಾನು. ಹುಟ್ಟಿದೆ, ಓದಿದೆ, ಮದುವೆಯಾದೆ, ಗ್ರಂಥಾಲಯದಲ್ಲಿದ್ದೇನೆ. ನನ್ನ ಬದುಕು ಮುಗಿದರೂ ಹಸಿರು ಕಾರ್ಡು ಮೇಲೇಳಲಿಲ್ಲ. ನನ್ನ ಅಪ್ಪ ನಮ್ಮನ್ನು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಈಗಲೂ ದಿನಾ ಫೋನ್ ಮಾಡಿ ಏನು ಅಡುಗೆ ಎಂದು ಕೇಳುತ್ತಾರೆ. ಇಂಥ ಅಪ್ಪನನ್ನು ಇಟ್ಟುಕೊಂಡು ಯಾರನ್ನು ಅಳಿಸಲು ಸಾಧ್ಯ?

ಡಾಕ್ಟರಮ್ಮ ಮೃದುವಾಗಿ ಕೇಳಿದರು, "ಇನ್ನೂ ಟೈಮ್ ಇದೆ ಕಣಮ್ಮಾ. ಇಷ್ಟು ದಿನ ನೀನು ಮಾತಾಡದೇ ಇರೋಕೆ ಏನು ಕಾರಣ, ಅದನ್ನ ಹೇಳು."

ಹಿಂದಿನ ದಿನ ನಮ್ಮ ಮನೆಯವರು ರಿಪೇರಿ ಮಾಡುತ್ತಿದ್ದ ಕನ್ನಡಕದಿಂದ ಸಾಸಿವೆ ಕಾಳಿಗಿಂತ ಚಿಕ್ಕದೊಂದು ಸ್ಕ್ರೂ ನೆಲಕ್ಕೆ ಬಿದ್ದಿತ್ತು. ನಾನು ನಮ್ಮ ಅಟೆಂಡರು ರಜೆ ಹಾಕಿದ ಕಥೆ ಹೇಳುತ್ತಿದ್ದೆ. ಅವರು ನೆಲಕ್ಕೆ ಕಿವಿ ಹಚ್ಚಿ, "ಒಂದ್ನಿಮಿಷ ಬಾಯ್ಮುಚ್ಚು, ಸ್ಕ್ರೂ ಬಿದ್ದಿದೆ" ಎಂದಿದ್ದರು.

"ಮನೆಯಲ್ಲಿ..." ಎಂದೆ ನಾನು. "ಮನೆಯಲ್ಲಿ ನಾನು ಮಾತಾಡಿದರೆ ಅವರು ಬಾಯ್ಮುಚ್ಚು ಅಂತಾರೆ."

ನಾನು ಸುಳ್ಳು ಹೇಳಲಿಲ್ಲ. ಸ್ಕ್ರೂ ಒಂದನ್ನು ಬಿಟ್ಟೆ.

ಮಹಡಿಯ ಮೇಲೆ ಮೌನ ಕವಿಯಿತು. ಈ ಸಲ ಅದು ನನ್ನ ಮೌನವಾಗಿತ್ತು, ನಾನೇ ದುಡಿದು ಸಂಪಾದಿಸಿದ್ದು. ಚಪ್ಪಾಳೆ ಬಿತ್ತು; ಸಂಘದ ನಿಯಮಕ್ಕೆ ತಟ್ಟುವ ಚಪ್ಪಾಳೆಯಲ್ಲ, ಅಂಗೈ ಕೆಂಪಾಗುವಂಥದ್ದು. ಸಭೆ ಮುಗಿದ ಮೇಲೆ ಡ್ರೈವಿಂಗ್ ಅಕ್ಕ ನನ್ನ ಭುಜದ ಮೇಲೆ ಕೈ ಹಾಕಿ, "ಬಾ ಮರಿ, ಮನೆ ಹತ್ತಿರ ಬಿಡ್ತೀನಿ" ಎಂದು ತಮ್ಮ ಸ್ಕೂಲಿನ ಕಾರಿನಲ್ಲಿ ಕೂರಿಸಿಕೊಂಡರು. ದಾರಿಯಲ್ಲಿ ಚಹಾ ಕುಡಿಸಿದರು. ಮದುವೆಯಾಗಿ ಈ ಊರಿಗೆ ಬಂದ ಮೇಲೆ, ಪುಸ್ತಕ ವಾಪಸು ಕೊಡುವ ಕೆಲಸವಿಲ್ಲದೆ ನನ್ನ ಜೊತೆ ಕೂತು ಮಾತಾಡಿದ ಮೊದಲ ಹೆಂಗಸು ಆಕೆ. ಅವತ್ತು ರಾತ್ರಿ ನಿದ್ದೆ ಬರುವವರೆಗೂ ನಾನು ಒಬ್ಬಳೇ ನಗುತ್ತಿದ್ದೆ. ಗೆಳತಿ ಸಿಕ್ಕಿದ್ದಳು. ಅವಳನ್ನು ಉಳಿಸಿಕೊಳ್ಳಲು ಮುಂದಿನ ಬುಧವಾರಕ್ಕೆ ಇನ್ನೊಂದು ದುಃಖ ಬೇಕಾಗಿತ್ತು, ಅಷ್ಟೇ.

ದುಃಖಗಳಿಗೇನು ಬರ. ನಮ್ಮ ಮನೆಯವರು ಮೀಟರು ಓದುವವನ ಮುಂದೆ ನನ್ನನ್ನು ಮಾತಾಡಲು ಬಿಡಲಿಲ್ಲ ಎಂದೆ. (ಮೀಟರು ಓದುವವನು ಬಂದಾಗ ನಾನು ಸ್ನಾನದ ಕೋಣೆಯಲ್ಲಿದ್ದೆ.) ನಾನು ಹೇಳಿದ್ದಕ್ಕೆಲ್ಲ ಅವರ ಉತ್ತರ ಒಂದು ಉಸಿರು ಮಾತ್ರ ಎಂದೆ. (ಅದೇ ಹೂಂ.) ಪ್ರತಿ ಭಾಷಣದಲ್ಲೂ ನಮ್ಮ ಮನೆಯವರ ಮೀಸೆ ಒಂದಿಷ್ಟು ಬೆಳೆಯಿತು. ಅವರಿಗೆ ಮೀಸೆಯೇ ಇಲ್ಲ. ನನ್ನ ಧ್ವನಿ ಮಾತ್ರ ದಿನೇ ದಿನೇ ಗಟ್ಟಿಯಾಯಿತು, ಕೈಗಳು ಎಲ್ಲಿರಬೇಕೋ ಅಲ್ಲಿ ನಿಂತವು, ಗಂಟೆಯ ಟಣ್ ಕಡಿಮೆಯಾಯಿತು. ಗ್ರಂಥಾಲಯದಲ್ಲಿ ಶ್ ಎನ್ನುವ ಬದಲು, "ಮಿತ್ರರೇ, ಮೌನವೂ ಒಂದು ಸೌಜನ್ಯ" ಎನ್ನತೊಡಗಿದೆ. ಹುಡುಗರು ಹೆದರಿ ಸುಮ್ಮನಾದರು.

ಸಣ್ಣ ಊರಿನಲ್ಲಿ ಒಂದು ದೊಡ್ಡ ತೊಂದರೆ ಎಂದರೆ ನಿಮ್ಮ ಕಥೆ ಕೇಳಿದವರೇ ನಿಮ್ಮ ಗಂಡನ ಹಲ್ಲನ್ನೂ ನೋಡುತ್ತಾರೆ.

ನಮ್ಮ ಮನೆಯವರಿಗೆ ದವಡೆ ನೋವು ಬಂತು. ಇಂಜೆಕ್ಷನ್ ಎಂದರೆ ಅವರಿಗೆ ಜೀವ ಹೋದಷ್ಟು ಭಯ, ಜೊತೆಗೆ ಬಾ ಎಂದು ಕರೆದುಕೊಂಡು ಹೋದರು. ಡಾಕ್ಟರಮ್ಮ ನನ್ನನ್ನು ನೋಡಿದರು, ಅವರನ್ನು ನೋಡಿದರು, ಕುರ್ಚಿಯನ್ನು ಹಿಂದಕ್ಕೆ ಬಾಗಿಸಿದರು. ಮರಗಟ್ಟಿಸಿ, ಬಾಯಿಯ ಎರಡೂ ಕಡೆ ಹತ್ತಿ ತುಂಬಿ, ಎಂಜಲು ಹೀರುವ ಕೊಳವೆ ಸಿಕ್ಕಿಸಿ, ಡ್ರಿಲ್ಲನ್ನು ಕೈಗೆತ್ತಿಕೊಂಡ ಮೇಲೆ ಶುರು ಮಾಡಿದರು.

"ಮಾತಾಡಬೇಕು ಅನ್ಸತ್ತೆ, ಆದ್ರೆ ಆಗಲ್ಲ. ಅಲ್ವಾ? ಹೇಗಿದೆ ಈಗ?"

"ಆ" ಎಂದರು ನಮ್ಮ ಮನೆಯವರು.

"ಕೆಲವರಿಗೆ ಮನೇಲಿ ದಿನಾ ಹೀಗೇ ಇರತ್ತೆ. ಅರ್ಥ ಮಾಡ್ಕೊಳಿ."

"ಆಆ?"

"ಅಡ್ಡ ಮಾತಾಡ್ಬೇಡಿ. ಒಬ್ಬರ ಬಾಯಿ ಮುಚ್ಚಿಸೋದು ಸುಲಭ. ನಾನು ದಿನಾ ಮಾಡ್ತೀನಿ, ನನಗೆ ಗೊತ್ತು."

ಅವರು ಕಣ್ಣು ಹೊರಳಿಸಿ ನನ್ನ ಕಡೆ ನೋಡಿದರು. ನೀನಾದರೂ ಏನಾದರೂ ಹೇಳು ಎಂಬಂಥ ನೋಟ. ನಾನು ಗೋಡೆಯ ಮೇಲಿನ ಹಲ್ಲಿನ ಚಿತ್ರವನ್ನು ಅಪಾರ ಆಸಕ್ತಿಯಿಂದ ಅಧ್ಯಯನ ಮಾಡುತ್ತಿದ್ದೆ.

"ನೋಡಿ, ಈಗಲೂ ನಿಮ್ಮ ಮುಂದೆ ಅವಳ ಬಾಯಿ ಏಳ್ತಿಲ್ಲ" ಎಂದು ಡಾಕ್ಟರಮ್ಮ ಡ್ರಿಲ್ ಒತ್ತಿದರು.

ಮನೆಗೆ ಬಂದ ಮೇಲೆ ಅವರು ಒಂದು ಕಡೆ ಜೋತುಬಿದ್ದ ತುಟಿಯಲ್ಲೇ ಕೇಳಿದರು, "ಆ ಡಾಕ್ಟರಮ್ಮ ಏನೋ ಹೇಳ್ತಿದ್ರಲ್ಲ, ಏನದು?"

"ಹಲ್ಲಿನ ವಿಷಯ."

"ಹಲ್ಲಿನ ವಿಷಯದಲ್ಲಿ ನೀನು ಯಾಕೆ ಬಂದೆ?"

"ನೀವೇ ಅಲ್ವಾ ಜೊತೆಗೆ ಬಾ ಅಂದಿದ್ದು?"

ಅವರು ಹೂಂ ಎನ್ನಲು ಹೋಗಿ ತುಟಿ ಸಾಲದೆ ಬಿಟ್ಟುಬಿಟ್ಟರು.

ಅಲ್ಲಿಗೆ ಮುಗಿಯಲಿಲ್ಲ. ಅವರು ಡ್ರೈವಿಂಗ್ ಅಕ್ಕನ ಹತ್ತಿರವೇ ಕಾರು ಕಲಿಯುತ್ತಿದ್ದರು. ಇಷ್ಟು ದಿನ "ಸರ್, ಕ್ಲಚ್ ನಿಧಾನ ಬಿಡಿ" ಎನ್ನುತ್ತಿದ್ದ ಆಕೆ ಈಗ ತಮ್ಮ ಕಡೆಯ ಬ್ರೇಕನ್ನು ಧಡ್ ಎಂದು ಒತ್ತಿ ಅವರನ್ನು ನಡುರಸ್ತೆಯಲ್ಲಿ ನಿಲ್ಲಿಸುತ್ತಾರಂತೆ. ಹಿಂದಿನ ಗಾಡಿಗಳೆಲ್ಲ ಹಾರನ್ ಹೊಡೆಯುತ್ತಿರುವಾಗ, ಎದುರಿನವರಿಗೂ ಅವಕಾಶ ಕೊಡುವುದನ್ನು ಕಲಿಯಿರಿ ಎಂದು ಬುದ್ಧಿ ಹೇಳುತ್ತಾರಂತೆ. ಎದುರಿಗೆ ಯಾರೂ ಇರಲಿಲ್ಲ ಕಣೇ, ಒಂದು ನಾಯಿ ಇತ್ತು, ಅದೂ ಮಲಗಿತ್ತು ಎಂದು ಅವರು ಗೋಳಾಡಿದರು. ಟೈಲರ್ ಮಾಮ ಹೊಲಿದು ಕೊಟ್ಟ ಪ್ಯಾಂಟು ಕಣಕಾಲಿನ ಮೇಲೆ ನಿಂತಿತ್ತು. ಕೇಳಿದರೆ, ನಿಮ್ಮ ಎತ್ತರ ನಾವು ತಿಳಿದುಕೊಂಡಷ್ಟಿಲ್ಲ ಎಂದರಂತೆ.

ನಗು ಬಂತು, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಆ ವಾರದ ಕೊನೆಗೆ ಅಂಗಡಿಯಿಂದ ಬೇಗ ಬಂದ ಅವರು ಚಪ್ಪಲಿ ಬಿಡುತ್ತ, "ಅಂಗಡಿಗೆ ಯಾರೂ ಬರ್ತಿಲ್ಲ. ಹಳೇ ಗಿರಾಕಿಗಳೂ ಪಕ್ಕದೂರಿಗೆ ಹೋಗ್ತಿದಾರೆ. ನಾನು ಯಾರಿಗೆ ಏನು ಮಾಡಿದೆ ಅಂತಲೇ ಗೊತ್ತಾಗ್ತಿಲ್ಲ" ಎಂದರು. ಅಷ್ಟು ಉದ್ದದ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅಪರೂಪ. ಮೇಜಿನ ಮೇಲೆ ರಿಪೇರಿಗೆ ಒಂದು ಕನ್ನಡಕವೂ ಇರಲಿಲ್ಲ. ಅವರು ಖಾಲಿ ಮೇಜಿನ ಮುಂದೆ ಕೂತು ತಮ್ಮದೇ ಕನ್ನಡಕವನ್ನು ಒರೆಸಿದರು.

ಆಗಲೇ ಹೇಳಿಬಿಡಬಹುದಿತ್ತು. ಹೇಳಲು ಡ್ರೈವಿಂಗ್ ಅಕ್ಕನ ಮನೆಗೇ ಹೊರಟೆ. ಆಕೆ ನನ್ನ ಕೈಹಿಡಿದು ನೇರ ಮಹಡಿಗೆ ಕರೆದುಕೊಂಡು ಹೋದರು. ಅಲ್ಲಿದ್ದ ಹಳೆಯ ಟೈರು, ನಂಬರ್ ಪ್ಲೇಟುಗಳನ್ನೆಲ್ಲ ಕೆಳಗೆ ಸಾಗಿಸಿ ಕೋಣೆ ತೊಳೆಸಿದ್ದರು. ಕಿಟಕಿಗೆ ಪರದೆ ಹಾಕಿದ್ದರು. ಗೋಡೆಗೆ ಒತ್ತಿ ಒಂದು ಹೊಸ ಮಂಚ, ಪ್ಲಾಸ್ಟಿಕ್ಕೂ ಬಿಚ್ಚಿರಲಿಲ್ಲ.

"ಇದು ನಿನಗೆ. ಯಾವತ್ತು ಬೇಕಾದ್ರೂ ಬಾ. ಬ್ಯಾಗು ತರೋಕೆ ಆಗದಿದ್ರೆ ಕೈಬೀಸ್ಕೊಂಡು ಬಾ" ಎಂದರು.

ನಾನು ಬಾಯಿ ತೆರೆದೆ. ಶ್ ಎಂದೂ ಬರಲಿಲ್ಲ. ನಿಜ ಹೇಳಿದರೆ ಈ ಮಂಚ ಹಾಕಿಸಿದ ಗೆಳತಿ ಹೋಗುತ್ತಾಳೆ, ಹೇಳದಿದ್ದರೆ ನಮ್ಮ ಮನೆಯವರ ಅಂಗಡಿ ಹೋಗುತ್ತದೆ. ಹೆದರಿಕೆ ಬಿಡಿಸುವ ಸಂಘ ಸೇರಿದವಳಿಗೆ ಹೆದರಲು ಇಷ್ಟು ಒಳ್ಳೆಯ ಕಾರಣ ಹಿಂದೆಂದೂ ಇರಲಿಲ್ಲ.

ಅಷ್ಟರಲ್ಲಿ ಸಂಘದ ವಾರ್ಷಿಕೋತ್ಸವ ಬಂತು. ಎಲ್ಲರೂ ಮನೆಯವರನ್ನು ಕರೆತರಬೇಕು. ಬಂದ ಅತಿಥಿಗಳಲ್ಲಿ ಒಬ್ಬರನ್ನು ವೇದಿಕೆಗೆ ಕರೆದು ಅಲ್ಲೇ ವಿಷಯ ಕೊಟ್ಟು ಮಾತಾಡಿಸುವುದು ವಾಡಿಕೆ. ಈ ಸಲ ಆ ಗೌರವ ಯಾರಿಗೆಂದು ಸಂಘದಲ್ಲಿ ಯಾರಿಗೂ ಸಂಶಯವಿರಲಿಲ್ಲ. ವಿಷಯವೂ ತಯಾರಿತ್ತು: "ಕೇಳಿಸಿಕೊಳ್ಳುವುದು". ನಾನು ನಿರ್ಧರಿಸಿದೆ. ಅವರನ್ನು ಕರೆಯುವ ಮೊದಲೇ, ಅಷ್ಟೂ ಜನರ ಮುಂದೆ, ನಾನೇ ಎದ್ದು ನಿಜ ಹೇಳುತ್ತೇನೆ. ಗೆಳತಿ ಹೋದರೆ ಹೋಗಲಿ.

ನಮ್ಮ ಮನೆಯವರು ಕಣಕಾಲಿನ ಪ್ಯಾಂಟಿನಲ್ಲೇ ಬಂದು ಮುಂದಿನ ಸಾಲಿನಲ್ಲಿ ಕೂತರು. ಅವರ ಎರಡೂ ಪಕ್ಕದ ಕುರ್ಚಿಗಳು ಖಾಲಿ ಉಳಿದವು.

ನಾನು ಎದ್ದೆ. ಮಾತಾಡಿದೆ. ಓದುಗರೇ, ಆ ಸಂಜೆಯ ನನ್ನ ಭಾಷಣವನ್ನು ನೀವು ಕೇಳಬೇಕಿತ್ತು. ನೆಲಕ್ಕೆ ಬಿದ್ದ ಸ್ಕ್ರೂವನ್ನು ಹೇಳಿದೆ. ಮೀಟರು ಓದುವವನನ್ನೂ ಸ್ನಾನದ ಕೋಣೆಯನ್ನೂ ಹೇಳಿದೆ. ನಮ್ಮ ಮನೆಯವರು ಇವತ್ತಿನವರೆಗೆ ನನಗೆ ಒಂದು ಗಟ್ಟಿ ಮಾತು ಆಡಿಲ್ಲ, ನಿಮ್ಮ ಚಪ್ಪಾಳೆಯ ಆಸೆಗೆ ಅವರನ್ನು ತುಂಡು ತುಂಡಾಗಿ ಮಾರಿದೆ, ನನ್ನನ್ನು ಬೈಯಿರಿ, ಅವರ ಅಂಗಡಿಗೆ ಹೋಗಿ ಎಂದೆ. ಗಂಟೆ ಒಮ್ಮೆಯೂ ಟಣ್ ಎನ್ನಲಿಲ್ಲ. ಹಸಿರು ಕಾರ್ಡು ಏಳುವ ಹೊತ್ತಿಗೆ ಸರಿಯಾಗಿ ಮುಗಿಸಿದೆ. ಚಪ್ಪಾಳೆ ಕಿವಿಗಡಚಿಕ್ಕಿತು. ಬದುಕಿನಲ್ಲಿ ಮೊದಲ ಸಲ ನಾನು ಒಂದು ಪರಿಪೂರ್ಣ ಭಾಷಣ ಮಾಡಿದ್ದೆ.

ವಿಮರ್ಶಕರಾಗಿ ಟೈಲರ್ ಮಾಮ ಎದ್ದರು. ಮೊದಲು ಹೊಗಳಿಕೆ. "ಧ್ವನಿ ಅದ್ಭುತ. ನಿಂತ ಭಂಗಿ ಅಳತೆ ತೆಗೆದ ಹಾಗಿತ್ತು." ಆಮೇಲೆ ತಪ್ಪು. "ಆದ್ರೆ ತಾಯೀ, ವಿಷಯ ನಂಬೋ ಹಾಗಿರಲಿಲ್ಲ. ಆ ಸ್ಕ್ರೂ ಅಂತೂ ಬಹಳ ಜಾಸ್ತಿಯಾಯ್ತು. ಅಷ್ಟು ಸಣ್ಣದಕ್ಕೆ ಯಾರಾದ್ರೂ ನೆಲಕ್ಕೆ ಕಿವಿ ಇಡ್ತಾರಾ? ಮಾತಾಡುವಾಗ ಪದೇ ಪದೇ ಗಂಡನ ಕಡೆ ನೋಡ್ತಿದ್ದೆ. ಯಾರೋ ಹೇಳಿಕೊಟ್ಟು ಕಳಿಸಿದ ಹಾಗಿತ್ತು." ಕೊನೆಗೆ ಮತ್ತೆ ಹೊಗಳಿಕೆ. "ಆದ್ರೂ ಆ ಭಯದಲ್ಲೂ ನಿಂತು ಮಾತಾಡಿದೆಯಲ್ಲ, ಅದು ದೊಡ್ಡದು."

ಎಲ್ಲರೂ ತಲೆದೂಗಿದರು. ಡಾಕ್ಟರಮ್ಮ ಕನಿಕರದಿಂದ ನನ್ನ ಬೆನ್ನು ಸವರಿ, "ಮನೇಲಿ ಏನು ಹೇಳಿ ಹೆದರಿಸಿದ ನಿನಗೆ?" ಎಂದು ಪಿಸುಗುಟ್ಟಿದರು. ನಿಜ ನಿಜ ಎಂದು ನಾನು ಹೇಳಿದಷ್ಟೂ ಅವರ ಕಣ್ಣು ತೇವವಾಯಿತು. ಅಲ್ಲಿಯವರೆಗೆ ನಾನು ಬರಿ ಬಾಯಿ ಮುಚ್ಚಿಸಿಕೊಂಡವಳಾಗಿದ್ದೆ. ಈಗ ಭಾಷಣ ಬಾಯಿಪಾಠ ಮಾಡಿಸಿಕೊಂಡವಳೂ ಆದೆ.

"ಈಗ ನೀವು ಬನ್ನಿ" ಎಂದು ಡಾಕ್ಟರಮ್ಮ ನಮ್ಮ ಮನೆಯವರನ್ನು ಕರೆದರು. ಕೈಯಲ್ಲಿ ಡ್ರಿಲ್ ಒಂದು ಇರಲಿಲ್ಲ, ಅಷ್ಟೇ.

ಅವರು ವೇದಿಕೆ ಹತ್ತಿದರು. ಮೈಕನ್ನು ನೋಡಿದರು, ಯಾರೋ ತಪ್ಪು ನಂಬರಿನ ಗಾಜು ಹಾಕಿಕೊಟ್ಟ ಹಾಗೆ. ಹಾಲು ಉಕ್ಕುವುದನ್ನು ಕಾಯುವವರಂತೆ ಎಲ್ಲರೂ ಕಾದರು. ನಾನು ಸೆರಗಿನ ತುದಿ ಕಚ್ಚಿಕೊಂಡೆ. ಅವರು ಈಗ "ಇವಳು ಹೇಳಿದ್ದೇ ನಿಜ" ಎಂದರೆ ನಂಬುವವರು ಯಾರೂ ಇರಲಿಲ್ಲ. ಅಂಗಡಿಯ ಬಾಗಿಲು ಅವತ್ತೇ ಮುಚ್ಚುತ್ತಿತ್ತು.

"ನನಗೆ ಮಾತಾಡಿ ಅಭ್ಯಾಸ ಇಲ್ಲ" ಎಂದರು. "ಇವಳನ್ನ ಮಾತಾಡೋಕೆ ಬಿಡ್ಲಿಲ್ಲ. ತಪ್ಪಾಯ್ತು. ಇನ್ಮೇಲೆ ಪ್ರತಿ ಬುಧವಾರ ನಾನೇ ಕರ್ಕೊಂಡ್ಬಂದು ಬಿಡ್ತೀನಿ."

ಅಷ್ಟೇ. ಇಳಿದು ಬಂದರು.

ಆ ಚಪ್ಪಾಳೆಯ ಮುಂದೆ ನನಗೆ ಬಿದ್ದದ್ದು ಒಗ್ಗರಣೆಯ ಚಟಪಟ. ಜನ ಎದ್ದು ನಿಂತರು. ಟೈಲರ್ ಮಾಮ ಓಡಿ ಬಂದು ಅವರನ್ನು ತಬ್ಬಿಕೊಂಡು, ಅಲ್ಲೇ ಬಗ್ಗಿ ಪ್ಯಾಂಟಿನ ಮಡಿಕೆ ಎಷ್ಟಿದೆ ಎಂದು ನೋಡತೊಡಗಿದರು. ಡಾಕ್ಟರಮ್ಮ ತಮಗೂ ತಮ್ಮ ಕಾಂಪೌಂಡರಿಗೂ ಹೊಸ ಕನ್ನಡಕ ಬೇಕು ಎಂದರು. ಆ ಸಂಜೆಯ ಅತ್ಯುತ್ತಮ ಭಾಷಣಕಾರರಿಗೆ ಕೊಡುವ ಬಹುಮಾನದ ಬಟ್ಟಲು ನಮ್ಮ ಮನೆಯವರಿಗೇ ಹೋಯಿತು. ನನ್ನ ಪರಿಪೂರ್ಣ ಸತ್ಯವನ್ನು ಅವರ ನಾಲ್ಕು ವಾಕ್ಯದ ಸುಳ್ಳು ಗುಡಿಸಿ ಮೂಲೆಗೆ ಹಾಕಿತು.

ಮೆಟ್ಟಿಲ ಹತ್ತಿರ ಡ್ರೈವಿಂಗ್ ಅಕ್ಕ ನನ್ನ ತೋಳು ಹಿಡಿದು ನಿಲ್ಲಿಸಿದರು. ಎಲ್ಲರೂ ನಗುತ್ತಿದ್ದರು, ಆಕೆ ನಗುತ್ತಿರಲಿಲ್ಲ.

"ಸ್ಕ್ರೂ ನಿಜವಾಗ್ಲೂ ಬಿದ್ದಿತ್ತಾ?"

"ಬಿದ್ದಿತ್ತು ಅಕ್ಕ."

"ಅದೇ ಅಂದ್ಕೊಂಡೆ. ನನ್ನ ಕಾರಲ್ಲಿ ಕಂಬಕ್ಕೆ ಗುದ್ದಿದವರು ಎಷ್ಟು ಜನ ಇದಾರೆ. ಗುದ್ದಿದವನು ಯಾವತ್ತೂ ಇಷ್ಟು ಬೇಗ ತಪ್ಪಾಯ್ತು ಅಂದಿಲ್ಲ. ಬ್ರೇಕ್ ಸರಿ ಇಲ್ಲ ಅಂತಾನೆ, ಕಂಬ ಅಡ್ಡ ಬಂತು ಅಂತಾನೆ. ನಿನ್ನ ಗಂಡ ಏನೂ ಮಾಡಿಲ್ಲ."

ನಾನು ತಲೆ ತಗ್ಗಿಸಿ ನಿಂತೆ. ಕ್ಷಮೆಗೆ ಒಳ್ಳೆಯ ಆರಂಭ, ಮಧ್ಯ, ಅಂತ್ಯ ಯಾವುದೂ ಹೊಳೆಯಲಿಲ್ಲ. "ಅಂದರೆ ಅಕ್ಕ... ಆಂ... ಅದೇನಪ್ಪಾ ಅಂದ್ರೆ..." ಎಂದೆ. ಆಕೆಯ ಕೈಯಲ್ಲಿದ್ದ ಗಂಟೆ ಅಷ್ಟು ಸಲವೂ ಟಣ್ ಎಂದಿತು.

"ಮಂಚ ವಾಪಸ್ ತಗೊಳಲ್ವಂತೆ ಅಂಗಡಿಯವನು" ಎಂದರು ಆಕೆ ಕೊನೆಗೆ. "ಭಾನುವಾರ ಬಂದು ಅದರ ಮೇಲೆ ಕೂತು ಮೊದಲಿಂದ ಎಲ್ಲಾ ಸರಿಯಾಗಿ ಹೇಳು. ಚಹಾ ನೀನೇ ಮಾಡ್ಬೇಕು."

ಮನೆಗೆ ನಾವಿಬ್ಬರೂ ನಡೆದುಕೊಂಡೇ ಹೊರಟೆವು. ಬಟ್ಟಲು ಅವರ ಕಂಕುಳಲ್ಲಿತ್ತು. ನನ್ನ ಎದೆ ತುಂಬಿ ಬಂದಿತ್ತು. ಊರಿನ ಮುಂದೆ ಹೆಂಡತಿಯ ಮಾನ ಉಳಿಸಲು ಇಲ್ಲದ ತಪ್ಪನ್ನು ಮೈಮೇಲೆ ಎಳೆದುಕೊಂಡ ಮಹಾನುಭಾವ! ಅವರ ತೋಳು ಹಿಡಿದು, ನನಗಾಗಿ ಇಷ್ಟು ದೊಡ್ಡ ಸುಳ್ಳು ಯಾಕೆ ಹೇಳಿದಿರಿ ಎಂದು ಕೇಳಿದೆ.

"ಮತ್ತೇನು ಮಾಡ್ಲಿ?" ಎಂದರು ಅವರು. "ನಾನೂ ಹೌದು ಅಂದು, ನಿನ್ನ ಮಾತು ಅವರು ನಂಬಿಬಿಟ್ಟಿದ್ರೆ ನಿನ್ನನ್ನ ಸಂಘದಿಂದ ತೆಗೆದುಹಾಕ್ತಿದ್ರು. ವಾರದಲ್ಲಿ ಒಂದು ಸಂಜೆ ಮನೆ ತಣ್ಣಗಿರತ್ತೆ. ಅದನ್ನೂ ಕಳ್ಕೊಳ್ಳೋಕೆ ನಾನೇನು ಹುಚ್ಚನಾ?"

ಮನೆ ತಲುಪುವವರೆಗೆ ನಾನು ಒಂದು ಮಾತೂ ಆಡಲಿಲ್ಲ. ಅವರು ಅದನ್ನು ಬಹಳ ಆನಂದದಿಂದ ಕೇಳಿಸಿಕೊಂಡರು.